ಮಾದರಿ ವಿಮಾನದ ಮೋಟಾರ್ ಮೌಂಟನ್ನು ಅಲ್ಯೂಮಿನಿಯಂನಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದೇ? ವೆಲ್ಡಿಂಗ್ ಬೇಕಾಗುತ್ತದೆಯೇ?

ಹಳೆಯ ಇಂಧನ ಎಂಜಿನ್ ತೆಗೆದು 2212 ಅಳತೆಯ ಬ್ರಷ್‌ಲೆಸ್ ವಿದ್ಯುತ್ ಮೋಟಾರ್ ಕೂರಿಸುತ್ತಿದ್ದೀರಿ, ಜೊತೆಗೆ ಬಂದ ಅಡ್ಡಪಟ್ಟಿಯ ಮೌಂಟ್ ಹಾಕಿದರೆ ಪ್ರೊಪೆಲ್ಲರ್ ವಿಮಾನದ ಮೂತಿಯಿಂದ ಆಚೆಗೇ ಬರುತ್ತಿಲ್ಲ, ಮೂರು ಸೆಂಟಿಮೀಟರ್ ಮುಂದಕ್ಕೆ ತರಬೇಕು ಎಂದು ಕೇಳಿದ್ದೀರಿ. ಮನೆಯಲ್ಲೇ ಮಾಡಬಹುದು. ವೆಲ್ಡಿಂಗ್ ಖಂಡಿತ ಬೇಡ. ತೆಳು ಅಲ್ಯೂಮಿನಿಯಂ ಬೆಸೆಯುವುದು ಎಲ್ಲರ ಕೈಗೆ ಒಗ್ಗುವ ಕೆಲಸವಲ್ಲ. ಒಗ್ಗಿದರೂ ಗಡಸು ಮಾಡಿದ ಮಿಶ್ರಲೋಹ ಆ ಬಿಸಿಗೆ ಮೆತ್ತಗಾಗುತ್ತದೆ.

ತಗಡನ್ನು ಬಗ್ಗಿಸಿ ಪೆಟ್ಟಿಗೆಯ ಆಕಾರ ಮಾಡುವ ಯೋಚನೆಯನ್ನೂ ಬಿಡಿ. 6061-ಟಿ6 ಎಂಬ ಗಡಸು ಅಲ್ಯೂಮಿನಿಯಂ ಮಿಶ್ರಲೋಹ ಸಿಕ್ಕಿದರೆ ಚೂಪಾಗಿ ಬಗ್ಗಿಸಿದ ಕಡೆ ಬಿರುಕು ಬಿಡುತ್ತದೆ. ಗುಜರಿ ಅಂಗಡಿಯ ತುಂಡಿನ ಮೇಲೆ ಅದು ಯಾವ ಜಾತಿಯದೆಂದು ಬರೆದಿರುವುದೂ ಇಲ್ಲ. ಒಂದು ಚಪ್ಪಟೆ ಫಲಕ, ನಾಲ್ಕು ಅಲ್ಯೂಮಿನಿಯಂ ಕೊಳವೆ ತುಂಡು, ನಾಲ್ಕು ಉದ್ದನೆಯ ಎಂ3 (3 ಮಿ.ಮೀ. ದಪ್ಪದ) ಬೋಲ್ಟ್: ಇಷ್ಟರಲ್ಲೇ ಮುಗಿಸಿ. ಫಲಕಕ್ಕೆ ಮೋಟಾರ್ ಕೂರುತ್ತದೆ; ಫಲಕದ ನಾಲ್ಕು ಮೂಲೆಯ ಬೋಲ್ಟುಗಳು ಕೊಳವೆಗಳೊಳಗಿಂದ ಹಾದು ಫೈರ್‌ವಾಲ್‌ಗೆ, ಅಂದರೆ ಮೂತಿಯ ಅಡ್ಡಗೋಡೆಗೆ, ಬಿಗಿಯುತ್ತವೆ.

ಫಲಕಕ್ಕೆ 2 ಮಿ.ಮೀ. ದಪ್ಪ ಸಾಕು. 50 ಮಿ.ಮೀ. ಚೌಕ ಸುಮಾರು 13 ಗ್ರಾಂ ತೂಗುತ್ತದೆ. ಅದನ್ನೇ ಉಕ್ಕಿನಲ್ಲಿ ಮಾಡಿದರೆ ಹತ್ತಿರ ಹತ್ತಿರ 40 ಗ್ರಾಂ. ಇನ್ನೂ ದಪ್ಪ ಹಾಕಿದರೆ ಗಟ್ಟಿ ಎಂದು ಅನೇಕರು ವಾದಿಸುತ್ತಾರೆ, ನಾನು ಒಪ್ಪುವುದಿಲ್ಲ. ಈ ಮೋಟಾರ್ ಎಳೆಯುವ ಬಲ ಒಂದು ಕಿಲೋದ ಆಸುಪಾಸು, ಅದಕ್ಕೆ 2 ಮಿ.ಮೀ. ಧಾರಾಳ. ಮೌಂಟಿಗೆ ನಿಜವಾದ ಪೆಟ್ಟು ಬೀಳುವುದು ವಿಮಾನ ಮೂತಿ ಊರಿದಾಗ. ಆಗ ಏನಾದರೂ ಒಂದು ಸೋಲಲೇಬೇಕು. ಫಲಕ ಬಗ್ಗಿದರೆ ಇನ್ನೊಂದನ್ನು ಕತ್ತರಿಸಿಕೊಳ್ಳಬಹುದು; ಫಲಕ ಬಗ್ಗದೆ ಪ್ಲೈವುಡ್ ಫೈರ್‌ವಾಲ್ ಅನ್ನೇ ಕಿತ್ತು ತಂದರೆ ಮೂತಿಯನ್ನೆಲ್ಲ ಮತ್ತೆ ಕಟ್ಟಬೇಕು. ಆದ್ದರಿಂದ ಎರಡು ಫಲಕಗಳನ್ನು ಒಟ್ಟಿಗೆ ಬಿಗಿದು ಒಂದೇ ಸಲಕ್ಕೆ ತೂತು ಕೊರೆಯಿರಿ, ಒಂದು ಮೀಸಲಿಗಿರಲಿ.

ಗುರುತು ಹಾಕುವ ಮುನ್ನ ಮೋಟಾರಿನ ಅಡಿಯನ್ನು ಅಳೆಯಿರಿ. 2212ರಲ್ಲಿ ಸಾಮಾನ್ಯವಾಗಿ ಎದುರುಬದುರು ತೂತುಗಳ ಒಂದು ಜೋಡಿಗೆ 16 ಮಿ.ಮೀ., ಇನ್ನೊಂದು ಜೋಡಿಗೆ 19 ಮಿ.ಮೀ. ಅಂತರವಿರುತ್ತದೆ. ಅಂದರೆ ಕೇಂದ್ರದಿಂದ 8 ಮತ್ತು 9.5 ಮಿ.ಮೀ. ನಕ್ಷೆಯನ್ನು ಕಾಗದದಲ್ಲಿ ಬರೆದು ಫಲಕಕ್ಕೆ ಅಂಟಿಸಿ, ಸೆಂಟರ್ ಪಂಚ್‌ನಿಂದ ಚುಕ್ಕೆ ಇಟ್ಟು, ಮೊದಲು 2 ಮಿ.ಮೀ., ಆಮೇಲೆ 3.2 ಮಿ.ಮೀ. ಬಿಟ್ ಹಾಕಿ. ಮೋಟಾರಿನ ಹಿಂದೆ ಚಾಚಿರುವ ಶಾಫ್ಟ್ ತುದಿ ಮತ್ತು ಅದರ ಲಾಕ್ ರಿಂಗ್ ಎಲ್ಲಿಯೂ ತಾಗದಂತೆ ನಡುವೆ ದೊಡ್ಡ ತೂತು ಬೇಕು. ಕೊರೆಯುವಾಗ ಫಲಕವನ್ನು ಮರದ ತುಂಡಿಗೆ ಕ್ಲ್ಯಾಂಪ್ ಮಾಡಿ. ಕೈಯಲ್ಲಿ ಹಿಡಿದರೆ ಬಿಟ್ ಕಚ್ಚಿಕೊಂಡು ಫಲಕ ಗಿರ್ರನೆ ತಿರುಗಿ ಬೆರಳು ಸೀಳುತ್ತದೆ. ಅರದ ಹಲ್ಲುಗಳಲ್ಲಿ ಅಲ್ಯೂಮಿನಿಯಂ ಪುಡಿ ಮೆತ್ತಿಕೊಳ್ಳದಂತೆ ಅದಕ್ಕೆ ಸೀಮೆಸುಣ್ಣ ಉಜ್ಜಿಕೊಳ್ಳಿ. ಮೂಲೆಗಳನ್ನು ದುಂಡಗೆ ಮಾಡಿ, ತೂತಿನ ಅಂಚಿನ ಮುಳ್ಳು ತೆಗೆಯಿರಿ. ಕಂಪನದಿಂದ ಬರುವ ಬಿರುಕು ಅಂಥ ಕಡೆಯಿಂದಲೇ ಹೊರಡುವುದು.

ನಾಲ್ಕು ಕೊಳವೆಗಳನ್ನೂ ಒಟ್ಟಿಗೆ ಹಿಡಿದು ಒಂದೇ ಉದ್ದಕ್ಕೆ ಅರದಲ್ಲಿ ಉಜ್ಜಿ. ಮೋಟಾರಿನ ಮುಖ ತುಸು ಪಕ್ಕಕ್ಕೆ ತಿರುಗಿರಲು ಬೇಕಾದ ಓರೆಯನ್ನು ಕೊಳವೆಯಲ್ಲಿ ಅಲ್ಲ, ವಾಷರ್‌ನಲ್ಲಿ ಕೊಡಿ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ದಿಕ್ಕಿಗೆ ತಿರುಗುವ ವಿಮಾನಕ್ಕೆ ಮೋಟಾರ್ ಒಂದೆರಡು ಡಿಗ್ರಿ ಬಲಕ್ಕೆ ಮುಖ ಮಾಡಿರಬೇಕು. ಬೋಲ್ಟುಗಳ ನಡುವೆ 40 ಮಿ.ಮೀ. ಇದ್ದರೆ, ಎಡಗಡೆಯ ಎರಡು ಕೊಳವೆಗಳ ಹಿಂದೆ ಅರ್ಧ ಮಿಲಿಮೀಟರ್ ವಾಷರ್ ಮೂರು ಮೂರು ಸೇರಿಸಿದರೆ ಎರಡು ಡಿಗ್ರಿಗಿಂತ ತುಸು ಹೆಚ್ಚು ಓರೆ ಸಿಗುತ್ತದೆ. ಆದರೆ ಓರೆಯಾದ ಮೋಟಾರಿನ ತುದಿ ಮೂತಿಯ ನಡುವೆ ನಿಲ್ಲುವುದಿಲ್ಲ. ಫೈರ್‌ವಾಲ್‌ನಿಂದ ಪ್ರೊಪೆಲ್ಲರ್‌ವರೆಗೆ 65 ಮಿ.ಮೀ. ಇದ್ದರೆ ಅದು ಸುಮಾರು ಎರಡೂವರೆ ಮಿ.ಮೀ. ಬಲಕ್ಕೆ ಸರಿದಿರುತ್ತದೆ. ಅಷ್ಟನ್ನು ಲೆಕ್ಕ ಹಿಡಿದು ಫೈರ್‌ವಾಲ್ ಮೇಲಿನ ತೂತುಗಳನ್ನು ಮೊದಲೇ ಎಡಕ್ಕೆ ಸರಿಸಿ ಗುರುತಿಸಿ. ಮೋಟಾರ್ ಕೆಳಮುಖವಾಗಬೇಕಿದ್ದರೆ ಮೇಲಿನ ಜೋಡಿಗೆ ವಾಷರ್ ಸೇರಿಸಿದರಾಯಿತು.

ಮೋಟಾರಿಗೆ ಹಾಕುವ ಸ್ಕ್ರೂ ಉದ್ದದ ಬಗ್ಗೆ ಮಾತ್ರ ಬಹಳ ಎಚ್ಚರ ಬೇಕು. ಒಂದೆರಡು ಮಿಲಿಮೀಟರ್ ಹೆಚ್ಚಾದರೂ ಅದು ಒಳಗಿನ ತಾಮ್ರದ ಸುರುಳಿಯನ್ನು ಒತ್ತಿ ಅದರ ಎನಾಮಲ್ ಲೇಪ ಕೆರೆಯುತ್ತದೆ. ಮೊದಲು ಕೆಟ್ಟು ಹೋಗುವುದು ಮೋಟಾರ್, ಅದರ ಹಿಂದೆಯೇ ವೇಗ ನಿಯಂತ್ರಕ. ಸ್ಕ್ರೂ ಬಿಗಿದ ಮೇಲೆ ಮಲ್ಟಿಮೀಟರನ್ನು ಸಂಪರ್ಕವಿದ್ದರೆ ಬೀಪ್ ಬರುವ ಸ್ಥಾನಕ್ಕಿಟ್ಟು, ಅದರ ಒಂದು ಕಡ್ಡಿಯನ್ನು ಫಲಕಕ್ಕೆ, ಇನ್ನೊಂದನ್ನು ಮೋಟಾರಿನ ಮೂರು ತಂತಿಗಳಲ್ಲಿ ಒಂದಕ್ಕೆ ಮುಟ್ಟಿಸಿ ನೋಡಿ. ಬೀಪ್ ಬಂದರೆ ಸ್ಕ್ರೂ ತೆಗೆದು ತುದಿ ಉಜ್ಜಬೇಕು, ಬ್ಯಾಟರಿ ಜೋಡಿಸಲೇಬಾರದು. ಬೀಪ್ ಬರದಿದ್ದರೆ ಸ್ಕ್ರೂಗಳಿಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ ಕೊನೆಯ ಬಾರಿ ಬಿಗಿಯಿರಿ, ಪ್ರೊಪೆಲ್ಲರ್ ಸಮತೋಲ ನೋಡಿಕೊಂಡು ಹಾರಿಸಿ. ಮೊದಲ ಹಾರಾಟ ಮುಗಿದ ಕೂಡಲೇ ಫೈರ್‌ವಾಲ್ ಕಡೆಯ ನಟ್‌ಗಳನ್ನು ಇನ್ನೊಮ್ಮೆ ತಿರುಗಿಸಿ ನೋಡಿ. ಪ್ಲೈವುಡ್ ಒತ್ತಡಕ್ಕೆ ಕುಗ್ಗಿ ಅವು ಸಡಿಲವಾಗಿರುತ್ತವೆ.