ಒಂದೇ ತರಂಗಾಂತರದಲ್ಲಿ ಅಳೆದು ಗಾಳಿಯಲ್ಲಿರುವ ಮಸಿಯನ್ನೂ ಮರಳುಗಾಡಿನ ಧೂಳನ್ನೂ ಬೇರ್ಪಡಿಸಬಹುದೇ?

ಬೇರ್ಪಡಿಸಲಾಗದು, ಪ್ರಯತ್ನಿಸಲೂ ಬೇಡಿ. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಇದನ್ನೇ ಮಾಡಿ, ಪ್ರಬಂಧದ ಒಂದಿಡೀ ಅಧ್ಯಾಯವನ್ನು ಕಳೆದುಕೊಂಡೆ.

ನನ್ನ ಬಳಿ ಇದ್ದದ್ದು ಈಥಲೋಮೀಟರ್. ಗಾಳಿಯನ್ನು ಶೋಧಕ ಪಟ್ಟಿಯ ಮೂಲಕ ಎಳೆದು, ಅಲ್ಲಿ ಕುಳಿತ ಕಣಗಳು ಬೆಳಕನ್ನು ಎಷ್ಟು ತಗ್ಗಿಸಿದವು ಎಂದು 370ರಿಂದ 950 ನ್ಯಾನೋಮೀಟರ್‌ವರೆಗೆ ಏಳು ತರಂಗಾಂತರಗಳಲ್ಲಿ ಅಳೆಯುವ ಉಪಕರಣ. ಸಂಕೇತ ಬಲವಾಗಿರುತ್ತದೆಂದು ನಾನು ನೇರಳಾತೀತದಲ್ಲಿರುವ 370ರ ಅಂಕಿಯನ್ನಷ್ಟೇ ಹಿಡಿದುಕೊಂಡೆ. ಬಂದ ಹೀರಿಕೆಯನ್ನು, ಒಂದು ಗ್ರಾಂ ಮಸಿ ಎಷ್ಟು ಹೀರುತ್ತದೆಂದು ಹೇಳುವ ಗುಣಾಂಕದಿಂದ ಭಾಗಿಸಿ, ಅಷ್ಟೂ ಮಸಿಯೆಂದು ಬರೆದೆ. ಧೂಳು ಕವಿದ ದಿನಗಳಲ್ಲಿ ‘ಮಸಿ’ ಏರಿತು. ಗಾಳಿ ದೂರದ ಹೊಗೆಯನ್ನು ಹೊತ್ತು ತಂದಿದೆ ಎಂದು ಅದಕ್ಕೊಂದು ಕಾರಣವನ್ನೂ ಕಟ್ಟಿದೆ.

ಮಸಿಯೊಳಗಿನ ಇಂಗಾಲ ಗ್ರಾಫೈಟಿನಂತೆ ಪದರಪದರವಾಗಿರುತ್ತದೆ. ಅದರ ಎಲೆಕ್ಟ್ರಾನುಗಳು ಯಾವ ಬಣ್ಣವನ್ನೂ ಬಿಡದೆ ಹೀರುತ್ತವೆ. ತರಂಗಾಂತರ ಹೆಚ್ಚಿದಷ್ಟೂ ಹೀರಿಕೆ ಹೆಚ್ಚುಕಡಿಮೆ ಅದೇ ಅನುಪಾತದಲ್ಲಿ ಇಳಿಯುತ್ತದೆ: 370ರಲ್ಲಿ ಇರುವುದು 880ರಲ್ಲಿ ಇರುವುದರ ಸುಮಾರು 2.4 ಪಟ್ಟು. ಧೂಳಿನ ಕಥೆ ಬೇರೆ. ಅದರ ಬೆಣಚು, ಜೇಡಿ, ಸುಣ್ಣಕಲ್ಲು ಬೆಳಕನ್ನು ಚದುರಿಸುತ್ತವೆಯೇ ಹೊರತು ಹೆಚ್ಚು ಹೀರುವುದಿಲ್ಲ. ಹೀರುವುದು ಹೆಮಟೈಟ್, ಗೋಥೈಟ್ ಎಂಬ ಕಬ್ಬಿಣದ ಆಕ್ಸೈಡುಗಳು, ಅದೂ ಮುಖ್ಯವಾಗಿ ನೇರಳಾತೀತ ಮತ್ತು ನೀಲಿಯಲ್ಲಿ. ಅಂದರೆ ಧೂಳು ಅತಿ ಹೆಚ್ಚು ಹೀರುವ ಕಡೆಯೇ ನಾನು ಮಸಿಯನ್ನು ಅಳೆಯುತ್ತಿದ್ದೆ. ಪಟ್ಟಿಯನ್ನು ಹೊರತೆಗೆದು ನೋಡಿದ್ದರೂ ಸಾಕಿತ್ತು: ಹೊಗೆಯ ದಿನದ ಕಲೆ ಬೂದುಗಪ್ಪು, ಧೂಳಿನ ದಿನದ್ದು ಕೆಂಪು ಬೆರೆತ ಕಂದು.

ಎರಡರಲ್ಲಿ ಯಾವುದು ಹೆಚ್ಚು ಹೀರುತ್ತದೆ ಎಂದೂ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತೂಕದ ಲೆಕ್ಕದಲ್ಲಿ ಮಸಿಗೆ ಸಾಟಿಯಿಲ್ಲ: ಆಗಷ್ಟೇ ಹುಟ್ಟಿದ ಒಂದು ಗ್ರಾಂ ಮಸಿ 550 ನ್ಯಾನೋಮೀಟರಿನಲ್ಲಿ ಸುಮಾರು 7.5 ಚದರ ಮೀಟರ್ ಜಾಗದ ಮೇಲೆ ಬೀಳುವಷ್ಟು ಬೆಳಕನ್ನು ನುಂಗುತ್ತದೆ. ಆದರೆ ಬಿರುಗಾಳಿ ಎತ್ತಿದ ಧೂಳಿನ ತೂಕ ಮಸಿಯ ನೂರಾರು ಪಟ್ಟು ಇರಬಹುದು. ಯಾವ ಬಣ್ಣದಲ್ಲಿ, ಎಂಥ ದಿನ ಎಂದು ಹೇಳದೆ ಇದಕ್ಕೆ ಉತ್ತರವಿಲ್ಲ.

ಮಸಿ ಬೇಕಿದ್ದರೆ, ಧೂಳು ಕಡಿಮೆ ಹೀರುವ 880ರ ಅಂಕಿಯನ್ನು ತೆಗೆದುಕೊಳ್ಳಿ. ದಟ್ಟ ಧೂಳಿನ ದಿನ ಅದನ್ನೂ ಪೂರ್ತಿ ನಂಬಬೇಡಿ. ನೀಲಿಯಲ್ಲಿ ಹೀರಿಕೆ ಹೆಚ್ಚಿದೆ ಎಂದೊಡನೆ ಧೂಳೆಂದು ತೀರ್ಮಾನಿಸಲೂ ಹೋಗಬೇಡಿ, ಸೌದೆ ಹೊಗೆಯ ಕಂದು ಇಂಗಾಲವೂ ಅಲ್ಲಿಯೇ ಹೀರುತ್ತದೆ. ನಂಬಬೇಕಾದದ್ದು ಕಣದ ಗಾತ್ರವನ್ನು. ಮಸಿಯ ಕಣಗಳು ಹೆಚ್ಚಾಗಿ ಒಂದು ಮೈಕ್ರೋಮೀಟರಿಗಿಂತ ಸಣ್ಣವು. ಧೂಳಿನ ತೂಕ ಬಹುಪಾಲು ಅದಕ್ಕಿಂತ ದೊಡ್ಡ ಕಣಗಳಲ್ಲಿರುತ್ತದೆ. ಗಾಳಿ ಒಳಬರುವ ಕೊಳವೆಗೆ ದೊಡ್ಡ ಕಣಗಳನ್ನು ತಡೆಯುವ ಸೈಕ್ಲೋನ್ ಕೂರಿಸಿ, ಅದಿದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ಅಳೆದು ವ್ಯತ್ಯಾಸ ನೋಡಿ. ಬೇರೆ ಉಪಕರಣ ಕೊಳ್ಳುವ ಮಾತು ಆಮೇಲೆ.