ಸ್ಕೂಲಲ್ಲಿ ಗಿಡ ಮರ ಇದ್ರೆ ಮಕ್ಕಳ ಬೆಳವಣಿಗೆಗೆ ನಿಜವಾಗ್ಲೂ ವ್ಯತ್ಯಾಸ ಆಗತ್ತಾ?

ಆಗತ್ತೆ, ಬರೀ ನೆರಳಿಗಲ್ಲ. ಬಾರ್ಸಿಲೋನಾದಲ್ಲಿ 36 ಸ್ಕೂಲುಗಳ 2,593 ಮಕ್ಕಳನ್ನ ಒಂದು ವರ್ಷ ನೋಡಿದ್ರು (2015ರಲ್ಲಿ ಪ್ರಕಟ ಆಯ್ತು), ಸ್ಕೂಲ್ ಸುತ್ತ ಹಸಿರು ಜಾಸ್ತಿ ಇದ್ದ ಕಡೆ ವರ್ಕಿಂಗ್ ಮೆಮೊರಿ, ಅಂದ್ರೆ ಬಾಯಿಲೆಕ್ಕ ಮಾಡೋವಾಗ ದಶಕ ತಲೇಲಿ ಇಟ್ಕೋತೀವಲ್ಲ ಅದು, ಇನ್ನೂ ಚೆನ್ನಾಗಿ ಬೆಳೆದಿತ್ತು, ಗಮನ ತಪ್ಪೋದೂ ಕಮ್ಮಿ, ಇದ್ರಲ್ಲಿ ಒಂದು ಪಾಲು ಗಾಡಿ ಹೊಗೆ ಕಮ್ಮಿ ಇದ್ದಿದ್ದಕ್ಕೆ ಅಂತಾನೂ ಲೆಕ್ಕ ಹಾಕಿದಾರೆ. ಔಟರ್ ರಿಂಗ್ ರೋಡ್ ಪಕ್ಕದ ಸ್ಕೂಲಿಗೆ ಸೇರಿಸಿರೋರು ಸ್ವಲ್ಪ ಯೋಚ್ನೆ ಮಾಡಿ. ಕಣ್ಣಿಗೂ ಅಷ್ಟೇ, ಬಿಸಿಲಲ್ಲಿ ಹೊರಗಡೆ ಆಡೋ ಮಕ್ಕಳಿಗೆ ಬೇಗ ಕನ್ನಡಕ ಬರೋ ಚಾನ್ಸ್ ಕಮ್ಮಿ. ನನ್ ಮಗಳ ಸ್ಕೂಲಲ್ಲಿ ಇರೋದೇ ಒಂದು ಹೊಂಗೆ ಮರ (ಉಳಿದಿದ್ದೆಲ್ಲ ಟೈಲ್ಸು, ಪಾರ್ಕಿಂಗು), ಅದರ ಕಾಯಿ ಬ್ಯಾಗ್ ತುಂಬ ತಂದು ಹತ್ತತ್ತು ಗುಡ್ಡೆ ಹಾಕಿ ಎಣಿಸ್ತಾಳೆ, ನಂಗೆ ಅಬಾಕಸ್ ಕ್ಲಾಸಿಗೆ ಕಟ್ಟಿದ ದುಡ್ಡು ನೆನಪಾಗತ್ತೆ.