ಒಣಗಿಸುವುದೂ ಒಂದು ಕೆಲಸ: ಹೊಸಬರ ಕರಕುಶಲ ಪ್ರಶ್ನೆಗಳಿಗೆ ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದಾಗ ಒಂದು ಸಂಗತಿ ಎದ್ದು ಕಂಡಿತು. ಕಾಗದದ ಬುಟ್ಟಿಗೆ ಬೂಷ್ಟು ಬಂದದ್ದು, ಎಲೆ ಕಪ್ಪಾದದ್ದು, ಹಿಟ್ಟಿನ ಗೊಂಬೆ ಮೆತ್ತಗಾದದ್ದು, ಎಲ್ಲದಕ್ಕೂ ಕಾರಣ ನೀರು. ‘ನನ್ನ ಕೈಗೆ ಕುಶಲತೆಯೇ ಇಲ್ಲ’ ಎಂದು ಬೇಸರದಿಂದ ಬರೆದವರೇ ಹೆಚ್ಚು. ನೀವು ಕಳಿಸಿದ ವಿವರಗಳನ್ನು ನೋಡಿದರೆ ಕೈ ಕೆಲಸ ಚೆನ್ನಾಗಿಯೇ ಇದೆ, ಒಣಗಲು ಕೊಟ್ಟ ಸಮಯ ಸಾಲದು, ಅಷ್ಟೇ. ಗಾಳಿಯಲ್ಲಿ ತೇವ ಎಷ್ಟಿದೆ ಎಂದು ನೋಡಿ ಕೆಲಸ ಆರಿಸಿಕೊಂಡರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. ಮಳೆಗಾಲ ಹೊಲಿಗೆಗೆ, ಒಣ ಹವೆಯ ದಿನಗಳು ಅಂಟು, ಎಲೆ ಮತ್ತು ಹಿಟ್ಟಿಗೆ. ನಾನು ಕಲಿಸುವಾಗ ಮೊದಲು ಹೇಳುವ ಮಾತು ಇದೇ.

ಪ್ರಶ್ನೆ: ಬಲೂನಿನ ಮೇಲೆ ಹಳೆಯ ಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಅಂಟಿಸಿ ದೀಪದ ಬುಟ್ಟಿ ಮಾಡಿದೆ. ಒಂದೇ ಸಲಕ್ಕೆ ಎಂಟು ಪದರ ಹಾಕಿದೆ. ಮರುದಿನ ಬೆಳಿಗ್ಗೆ ನೋಡಿದರೆ ಒಂದು ಕಡೆ ಒಳಕ್ಕೆ ಕುಸಿದಿತ್ತು, ನಾಲ್ಕು ದಿನಕ್ಕೆ ಹಸಿರು ಬೂಷ್ಟು ಬಂತು. ಅಂಟಿನ ಅಳತೆ ತಪ್ಪಿತೇ?

ಉತ್ತರ: ಅಂಟಿನ ಅಳತೆಗಿಂತ ಪದರಗಳ ಲೆಕ್ಕ ತಪ್ಪಿದೆ. ಎಂಟು ಪದರ ಒಟ್ಟಿಗೆ ಹಾಕಿದಾಗ ಹೊರಗಿನ ಎರಡು ಪದರ ಬೇಗ ಒಣಗಿ ಗಟ್ಟಿಯಾಗುತ್ತವೆ, ಒಳಗಿನ ನೀರಿಗೆ ಹೊರಬರಲು ದಾರಿ ಸಿಗುವುದಿಲ್ಲ. ಒಂದು ಬದಿಯಲ್ಲಿ ಬಲೂನು ಇರುವುದರಿಂದ ಆ ಕಡೆಯಿಂದಲೂ ಆವಿಯಾಗುವಂತಿಲ್ಲ. ತೇವ, ಬೆಚ್ಚಗಿನ ಹವೆ, ಜೊತೆಗೆ ಮೈದಾ. ಬೂಷ್ಟಿಗೆ ಇನ್ನೇನು ಬೇಕು?

ಒಳಕ್ಕೆ ಕುಸಿದದ್ದಕ್ಕೆ ಕಾರಣ ಬೇರೆ. ರಾತ್ರಿ ತಂಪಾದಾಗ ಬಲೂನಿನೊಳಗಿನ ಗಾಳಿ ಕುಗ್ಗುತ್ತದೆ, ಬಲೂನು ಸಣ್ಣದಾಗುತ್ತದೆ. ಕಾಗದ ಆಗಲೇ ಒಣಗಿದ್ದರೆ ತನ್ನ ಆಕಾರದಲ್ಲೇ ನಿಲ್ಲುತ್ತಿತ್ತು. ಹಸಿಯಾಗಿದ್ದರಿಂದ ಬಲೂನಿನ ಜೊತೆ ತಾನೂ ಒಳಕ್ಕೆ ಹೋಯಿತು. ಆದ್ದರಿಂದ ಈ ಕೆಲಸವನ್ನು ಬೆಳಿಗ್ಗೆ ಶುರು ಮಾಡಿ. ಸಂಜೆಯ ಹೊತ್ತಿಗೆ ಮೊದಲ ಪದರಗಳು ಒಂದಿಷ್ಟು ಬಿಗಿಯಾಗಿರುತ್ತವೆ.

ಇನ್ನು ಮಾಡುವ ಬಗೆ. ಒಂದು ಕಪ್ ಮೈದಾವನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುತ್ತಿರುವ ನಾಲ್ಕು ಕಪ್ ನೀರಿಗೆ ಸುರಿದು ಕೈಯಾಡಿಸುತ್ತ ಬೇಯಿಸಿ. ಹಸಿ ಅಂಟಿಗಿಂತ ಬೇಯಿಸಿದ ಅಂಟು ನಯವಾಗಿರುತ್ತದೆ, ಚೆನ್ನಾಗಿ ಹಿಡಿಯುತ್ತದೆ. ಒಂದೆರಡು ದೊಡ್ಡ ಚಮಚ ಉಪ್ಪು ಸೇರಿಸಿದರೆ ಬೂಷ್ಟು ಬರುವುದು ತಡವಾಗುತ್ತದೆ. ಆದರೂ ಉಪ್ಪನ್ನು ನಂಬಿಕೊಂಡು ಒಣಗಿಸುವುದನ್ನು ಮರೆಯಬೇಡಿ. ಹವೆ ತೀರಾ ತೇವವಾಗಿದ್ದರೆ ಮೈದಾ ಬಿಟ್ಟು, ಪಿವಿಎ ಎಂಬ ಬಿಳಿ ಗಮ್ಮಿಗೆ ಅರ್ಧದಷ್ಟು ನೀರು ಬೆರೆಸಿ ಬಳಸುವುದು ಮೇಲು.

ಕಾಗದವನ್ನು ಕತ್ತರಿಸಬೇಡಿ, ಹರಿಯಿರಿ. ಹರಿದ ಅಂಚು ತೆಳ್ಳಗೆ, ನಾರು ನಾರಾಗಿ ಇರುವುದರಿಂದ ಪಕ್ಕದ ಚೂರಿನ ಮೇಲೆ ಗೆರೆ ಮೂಡಿಸದೆ ಕೂರುತ್ತದೆ. ಪತ್ರಿಕೆಯನ್ನು ಒಂದು ದಿಕ್ಕಿನಲ್ಲಿ ಹರಿದರೆ ನೇರವಾದ ಪಟ್ಟಿ ಬರುತ್ತದೆ, ಇನ್ನೊಂದು ದಿಕ್ಕಿನಲ್ಲಿ ಅಂಕುಡೊಂಕಾಗಿ ಹರಿಯುತ್ತದೆ. ನೇರವಾಗಿ ಹರಿಯುವ ದಿಕ್ಕಿನಲ್ಲಿ ಕಾಗದದ ನಾರುಗಳಿವೆ. ಎರಡು ಮೂರು ಸೆಂಟಿಮೀಟರ್ ಅಗಲದ ಪಟ್ಟಿ ಸಾಕು. ಮೊದಲ ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಹೀಗೆ ಮಾಡಿದರೆ ಬುಟ್ಟಿ ಗಟ್ಟಿಯಾಗುತ್ತದೆ. ಪಟ್ಟಿಯನ್ನು ಅಂಟಿನಲ್ಲಿ ಅದ್ದಿದ ಮೇಲೆ ಎರಡು ಬೆರಳಿನ ನಡುವೆ ಎಳೆದು ಹೆಚ್ಚಿನ ಅಂಟನ್ನು ಹಿಂಡಿ ತೆಗೆಯುವುದು ಬಹಳ ಮುಖ್ಯ. ತೊಟ್ಟಿಕ್ಕುವ ಪಟ್ಟಿಯನ್ನು ಅಂಟಿಸಲೇಬಾರದು.

ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಪದರ. ಆಮೇಲೆ ದಾರ ಕಟ್ಟಿ ಗಾಳಿಯಾಡುವ ಕಡೆ ನೇತುಹಾಕಿ, ಫ್ಯಾನ್ ಹಾಕಿದರೆ ಇನ್ನೂ ಒಳ್ಳೆಯದು. ಒಣಗಿದೆಯೇ ಎಂದು ನೋಡಲು ಬುಟ್ಟಿಯನ್ನು ಕೆನ್ನೆಗೆ ತಾಗಿಸಿ. ತಣ್ಣಗೆ ಅನಿಸಿದರೆ ನೀರು ಇನ್ನೂ ಆವಿಯಾಗುತ್ತಿದೆ ಎಂದರ್ಥ, ಕೈಗೆ ಒಣಗಿದಂತೆ ಕಂಡರೂ ಸರಿ, ಇನ್ನೊಂದು ದಿನ ಬಿಡಿ. ಬೂಷ್ಟು ಬಂದ ಬುಟ್ಟಿಯನ್ನು ಒರೆಸಿ ಉಳಿಸಿಕೊಳ್ಳಲು ಹೋಗಬೇಡಿ, ಎಸೆದುಬಿಡಿ. ಹೊಸದರೊಳಗೆ ಬ್ಯಾಟರಿಯ ಎಲ್‌ಇಡಿ ದೀಪ ಇಡಿ, ಉರಿಯುವ ಬತ್ತಿ ಬೇಡವೇ ಬೇಡ.

ಪ್ರಶ್ನೆ: ಬಣ್ಣ ಬಣ್ಣದ ಎಲೆಗಳನ್ನು ದಪ್ಪ ಪುಸ್ತಕದಲ್ಲಿಟ್ಟು ಒತ್ತಿದೆ. ತಿಂಗಳ ನಂತರ ತೆಗೆದರೆ ಕೆಲವು ಕಪ್ಪಾಗಿವೆ, ಕೆಲವು ಸುರುಟಿಕೊಂಡಿವೆ. ಮಗಳ ಜೊತೆ ಕಾರ್ಡ್ ಮಾಡಬೇಕೆಂದಿದ್ದೆ. ಏನು ಮಾಡಲಿ ಮೇಡಂ?

ಉತ್ತರ: ಮೊದಲು ಎಲೆ ಕೀಳುವ ಹೊತ್ತನ್ನು ಸರಿಪಡಿಸಿಕೊಳ್ಳಿ. ಮಳೆ ನಿಂತ ಕೂಡಲೇ, ಅಥವಾ ಇಬ್ಬನಿ ಆರುವ ಮೊದಲೇ ಕಿತ್ತ ಎಲೆಯ ಮೈಮೇಲಿನ ನೀರು ಪುಸ್ತಕದೊಳಗೇ ಉಳಿದುಬಿಡುತ್ತದೆ. ಬಿಸಿಲೇರಿ ಎಲೆಯ ಮೈ ಪೂರ್ತಿ ಆರಿದ ಮೇಲೆ ಕೀಳಿ. ತೆಳುವಾದ, ಚಪ್ಪಟೆಯಾದ ಎಲೆಗಳಿಂದ ಶುರು ಮಾಡಿ. ಜರೀಗಿಡದ ಎಲೆ ಹೊಸಬರಿಗೆ ಬಹಳ ಒಳ್ಳೆಯದು. ರಸ ತುಂಬಿದ ದಪ್ಪ ಎಲೆಗಳ ತಂಟೆಗೆ ಹೋಗಬೇಡಿ, ಅವು ಒಣಗುವ ಮೊದಲೇ ಕೊಳೆಯುತ್ತವೆ.

ಪುಸ್ತಕದ ನುಣುಪು ಹಾಳೆ ನೀರು ಹೀರುವುದಿಲ್ಲ, ತೊಂದರೆಯ ಮೂಲ ಅಲ್ಲಿದೆ. ಎಲೆಯ ಎರಡೂ ಬದಿಗೆ ಬಿಳಿ ಹಾಳೆ, ಅದರ ಹೊರಗೆ ನಾಲ್ಕೈದು ಪದರ ಪತ್ರಿಕೆ ಇಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ಭಾರ ಇಡಿ. ಪತ್ರಿಕೆಯನ್ನು ನೇರವಾಗಿ ಎಲೆಗೆ ತಾಗಿಸಿದರೆ ಶಾಯಿ ಅಂಟುವುದುಂಟು. ಮರುದಿನ ತೆರೆದು ನೋಡಿ, ಹಾಳೆಗಳು ಕೈಗೆ ಮೆತ್ತಗೆ ಹತ್ತುತ್ತವೆ. ಎಲೆಯಿಂದ ಹೊರಬಂದ ನೀರೇ ಅದು. ಆ ಹಾಳೆಗಳನ್ನು ತೆಗೆದು ಒಣ ಹಾಳೆ ಇಡಿ. ಮೊದಲ ಮೂರು ನಾಲ್ಕು ದಿನ ದಿನವೂ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಬದಲಿಸಿದರೆ ಒಂದೆರಡು ವಾರದಲ್ಲಿ ಕೆಲಸ ಮುಗಿಯುತ್ತದೆ. ಎಲೆ ಬೇಗ ಒಣಗಿದಷ್ಟೂ ಬಣ್ಣ ಉಳಿಯುತ್ತದೆ, ನಿಧಾನವಾದಷ್ಟೂ ಕಂದು ಬಣ್ಣಕ್ಕೆ ತಿರುಗುತ್ತದೆ.

ಸುರುಟಿಕೊಂಡ ಎಲೆಗಳ ನಡುದಂಟು ದಪ್ಪವಿದ್ದಿರಬೇಕು. ದಂಟು ಎತ್ತರವಾಗಿದ್ದರೆ ಭಾರವೆಲ್ಲ ಅದರ ಮೇಲೆ ಬಿದ್ದು, ಅಂಚುಗಳಿಗೆ ಒತ್ತಡ ತಾಗುವುದಿಲ್ಲ. ಹಿಂಬದಿಯಲ್ಲಿ ದಂಟನ್ನು ಬ್ಲೇಡಿನಿಂದ ತೆಳ್ಳಗೆ ಹೆರೆದುಬಿಡಿ. ಈ ಕೆಲಸ ಮಾತ್ರ ನಿಮ್ಮದು, ಮಗುವಿಗೆ ಕೊಡಬೇಡಿ.

ಅವಸರವಿದ್ದರೆ ಇಸ್ತ್ರಿಪೆಟ್ಟಿಗೆ ಆಗುತ್ತದೆ. ನೀರಿನ ಆವಿ ಬಿಡದಂತೆ, ಕಡಿಮೆ ಬಿಸಿಯಲ್ಲಿಟ್ಟು, ಎರಡು ಹಾಳೆಗಳ ನಡುವಿನ ಎಲೆಯ ಮೇಲೆ ಹತ್ತು ಹದಿನೈದು ಸೆಕೆಂಡ್ ಒತ್ತಿ, ಎತ್ತಿ, ಆರಲು ಬಿಟ್ಟು ಮತ್ತೆ ಒತ್ತಿ. ಉಜ್ಜಬೇಡಿ. ಕಾರ್ಡಿಗೆ ಅಂಟಿಸುವಾಗ ಎಲೆಯ ಹಿಂದೆ ಅಲ್ಲಲ್ಲಿ ಚುಕ್ಕೆಯಷ್ಟು ಗಮ್ ಸಾಕು. ಪೂರ್ತಿ ಬಳಿದರೆ ಕಾಗದ ನೀರು ಕುಡಿದು ಅಲೆ ಅಲೆಯಾಗುತ್ತದೆ. ಹಸಿರು ಎಲ್ಲಕ್ಕಿಂತ ಬೇಗ ಮಾಸುತ್ತದೆ, ಹಳದಿ ಹೆಚ್ಚು ಕಾಲ ಬಾಳುತ್ತದೆ. ಯಾವ ಬಣ್ಣವಾದರೂ ನೇರ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ.

ಪ್ರಶ್ನೆ: ಉಪ್ಪು ಹಿಟ್ಟಿನಿಂದ ನಕ್ಷತ್ರ, ಹಕ್ಕಿ ಮಾಡಿ ಓವನ್‌ನಲ್ಲಿಟ್ಟೆ. ಉಬ್ಬಿಕೊಂಡು ಬಿರುಕು ಬಿಟ್ಟವು. ಬಿರುಕು ಬಿಡದ ಒಂದೆರಡು ಮಳೆ ಶುರುವಾದ ಮೇಲೆ ಮೆತ್ತಗಾದವು.

ಉತ್ತರ: ಬಿಸಿ ಹೆಚ್ಚಾಗಿದೆ. ಇಲ್ಲಿ ಓವನ್ ಇರುವುದು ಬೇಯಿಸಲಿಕ್ಕಲ್ಲ, ಒಣಗಿಸಲಿಕ್ಕೆ. ಬಿಸಿ ಜಾಸ್ತಿಯಾದರೆ ಹಿಟ್ಟಿನೊಳಗಿನ ನೀರು ಆವಿಯಾಗಿ, ಹೊರಬರಲು ಜಾಗವಿಲ್ಲದೆ ಉಬ್ಬುತ್ತದೆ. ಎರಡು ಕಪ್ ಮೈದಾ, ಒಂದು ಕಪ್ ಪುಡಿಯುಪ್ಪು, ಒಂದು ಕಪ್‌ಗಿಂತ ತುಸು ಕಡಿಮೆ ನೀರು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಹತ್ತು ನಿಮಿಷ ಚೆನ್ನಾಗಿ ನಾದಿ. ಎಲ್ಲ ತುಂಡುಗಳೂ ಐದಾರು ಮಿಲಿಮೀಟರ್ ದಪ್ಪಕ್ಕೆ ಸಮನಾಗಿರಲಿ. ಹಕ್ಕಿಯ ಹೊಟ್ಟೆ ದಪ್ಪ, ರೆಕ್ಕೆ ತೆಳುವಾದರೆ ರೆಕ್ಕೆ ಮೊದಲು ಒಣಗಿ, ಅವೆರಡೂ ಸೇರುವ ಕಡೆ ಬಿರುಕು ಬರುತ್ತದೆ. 100 ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ತಾಸು, ನಡುವೆ ಒಮ್ಮೆ ಮಗುಚಿ. ಓವನ್ ಇಲ್ಲದವರು ಒಣ ಹವೆಯಲ್ಲಿ ಕೆಲವು ದಿನ ಹಾಗೆಯೇ ಬಿಟ್ಟು, ದಿನಕ್ಕೆರಡು ಸಲ ಮಗುಚಿದರೂ ಆಗುತ್ತದೆ.

ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಅದಕ್ಕೇ ಮಳೆಯಲ್ಲಿ ಮೆತ್ತಗಾದದ್ದು. ಪೂರ್ತಿ ಆರಿದ ಮೇಲೆ ಅಕ್ರಿಲಿಕ್ ಬಣ್ಣ, ಅದರ ಮೇಲೆ ಎರಡು ಕೋಟ್ ವಾರ್ನಿಷ್. ಹಿಂಬದಿ, ಅಂಚು, ದಾರ ಪೋಣಿಸುವ ತೂತಿನ ಒಳಮೈ ಯಾವುದನ್ನೂ ಬಿಡಬೇಡಿ. ಮನೆಯಲ್ಲಿ ನಾಯಿಯಿದ್ದರೆ ಈ ಹಿಟ್ಟು ಅದರ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಇದರಲ್ಲಿರುವಷ್ಟು ಉಪ್ಪು ನಾಯಿಯ ಪ್ರಾಣಕ್ಕೇ ಕುತ್ತು ತರಬಹುದು.

ಪ್ರಶ್ನೆ: ಹೊಲಿಗೆ ಯಂತ್ರವಿಲ್ಲ. ಹಳೆಯ ಬೆಡ್‌ಶೀಟಿನಿಂದ ಕೈಯಲ್ಲೇ ಚೀಲ ಹೊಲಿದೆ. ಸಾಮಾನು ತುಂಬಿದಾಗ ಹಿಡಿಕೆ ಕಿತ್ತುಬಂತು. ಪಕ್ಕದ ಹೊಲಿಗೆಯೂ ಬಿಚ್ಚಿಕೊಳ್ಳುತ್ತಿದೆ. ಕೈಹೊಲಿಗೆ ಇಷ್ಟೇ ಗಟ್ಟಿಯೇ?

ಉತ್ತರ: ಖಂಡಿತ ಅಲ್ಲ. ಕೈಯಲ್ಲಿ ಹೊಲಿದ ಚೀಲ ವರ್ಷಗಟ್ಟಲೆ ಬಾಳುತ್ತದೆ. ಮೊದಲ ಸಲ ಮಾಡುವವರಿಗೆ ಹಳೆಯ ಬೆಡ್‌ಶೀಟಿಗಿಂತ ಒಳ್ಳೆಯ ಬಟ್ಟೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಎಷ್ಟೋ ಸಲ ಒಗೆದಿರುವುದರಿಂದ ಅದು ಇನ್ನು ಕುಗ್ಗುವುದಿಲ್ಲ. ಹೊಸ ಹತ್ತಿ ಬಟ್ಟೆಯಾದರೆ ಒಗೆದು ಒಣಗಿಸಿಯೇ ಕತ್ತರಿಸಬೇಕು.

ಆದರೆ ಬೆಡ್‌ಶೀಟಿನ ಯಾವ ಭಾಗ ತೆಗೆದುಕೊಳ್ಳುತ್ತೀರಿ ಎನ್ನುವುದನ್ನು ನೋಡಬೇಕು. ಹಗಲು ಹೊತ್ತು ಕಿಟಕಿಗೆ ಎದುರಾಗಿ ಹಿಡಿದು ನೋಡಿ. ಮಲಗುವ ನಡುಭಾಗದಲ್ಲಿ ನೂಲು ಸವೆದು ಬೆಳಕು ಹೆಚ್ಚು ತೂರಿ ಬರುತ್ತದೆ. ಹಾಸಿಗೆಯ ಪಕ್ಕಕ್ಕೆ ಇಳಿಬೀಳುವ ಅಂಚುಗಳಲ್ಲಿ ನೇಯ್ಗೆ ಗಟ್ಟಿಯಾಗಿ ಉಳಿದಿರುತ್ತದೆ. ಚೀಲವನ್ನು ಅಂಚಿನಿಂದ ಕತ್ತರಿಸಿ, ನಡುಭಾಗವನ್ನು ಒರೆಸುವ ಬಟ್ಟೆ ಮಾಡಿಕೊಳ್ಳಿ.

ನೀವು ಹಾಕಿದ್ದು ರನ್ನಿಂಗ್ ಸ್ಟಿಚ್, ಅಂದರೆ ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತ ಮುಂದಕ್ಕೇ ಹೋಗುವ ಹೊಲಿಗೆ ಇರಬೇಕು. ಒಂದು ಕಡೆ ದಾರ ತುಂಡಾದರೆ ಸಾಲಾಗಿ ಬಿಚ್ಚುತ್ತ ಹೋಗುವುದು ಅದರ ಸ್ವಭಾವ. ಭಾರ ಹೊರುವ ಕಡೆ ಬ್ಯಾಕ್ ಸ್ಟಿಚ್ ಹಾಕಿ. ಸೂಜಿಯನ್ನು ಮೇಲೆ ತಂದು, ಒಂದು ಹೊಲಿಗೆಯಷ್ಟು ಹಿಂದಕ್ಕೆ ಚುಚ್ಚಿ, ಬಟ್ಟೆಯ ಅಡಿಯಲ್ಲಿ ಎರಡು ಹೊಲಿಗೆಯಷ್ಟು ಮುಂದೆ ತಂದು ಮೇಲೆತ್ತಿ. ಹೀಗೆ ಪ್ರತಿ ಹೊಲಿಗೆಯೂ ಹಿಂದಿನದರ ತುದಿಯಲ್ಲಿ ಕೂರುತ್ತದೆ. ಮುಂಭಾಗದಲ್ಲಿ ಸಂದಿಲ್ಲದ ಗೆರೆ ಕಾಣುತ್ತದೆ, ಹಿಂಬದಿಯಲ್ಲಿ ಹೊಲಿಗೆಗಳು ಒಂದರ ಮೇಲೊಂದು ಹತ್ತಿಕೊಂಡಿರುತ್ತವೆ. ದಾರ 45 ಸೆಂಟಿಮೀಟರ್‌ಗಿಂತ ಉದ್ದ ಬೇಡ. ಉದ್ದ ದಾರ ಹಾಕಿದರೆ ಕೆಲಸ ಬೇಗ ಆಗುತ್ತದೆಂದು ಹೊಸಬರು ಅಂದುಕೊಳ್ಳುತ್ತಾರೆ, ಆದರೆ ಆ ಸಮಯವೆಲ್ಲ ಗಂಟು ಬಿಡಿಸುವುದರಲ್ಲೇ ಹೋಗುತ್ತದೆ.

ಪಕ್ಕದ ಹೊಲಿಗೆಗೆ ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಬಟ್ಟೆ ಬಿಡಿ. ಅಂಚಿನಲ್ಲಿ ನೂಲು ಕಿತ್ತುಬರದಂತೆ ಮಾಡಲು ಸುಲಭ ಉಪಾಯವಿದೆ. ಮೊದಲು ಬಟ್ಟೆಯ ಒಳಮೈ ಒಳಗೆ ಬರುವಂತೆ ಇಟ್ಟು ಅಂಚಿನ ಹತ್ತಿರ ಅರ್ಧ ಸೆಂಟಿಮೀಟರ್‌ನಲ್ಲಿ ಹೊಲಿಯಿರಿ, ನೂಲುಗಳನ್ನು ಕತ್ತರಿಸಿ, ಒಳಹೊರಗು ತಿರುಗಿಸಿ, ಇಸ್ತ್ರಿ ಮಾಡಿ, ಮತ್ತೆ ಒಂದು ಸೆಂಟಿಮೀಟರ್‌ನಲ್ಲಿ ಹೊಲಿಯಿರಿ. ಕತ್ತರಿಸಿದ ಅಂಚು ಎರಡು ಹೊಲಿಗೆಗಳ ನಡುವೆ ಪೂರ್ತಿ ಮುಚ್ಚಿಹೋಗುತ್ತದೆ. ಹಿಡಿಕೆಯ ತುದಿಯನ್ನು ಬಾಯಿಯ ಮಡಿಕೆಯೊಳಗೆ ಮೂರು ಸೆಂಟಿಮೀಟರ್ ಇಳಿಸಿ, ಸುತ್ತ ಚೌಕವಾಗಿ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಗೆರೆ ಹಾಕಿ. ಭಾರ ಆಗ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ.

ಪ್ರಶ್ನೆ: ರಜೆಯಲ್ಲಿ ಏಳು ವರ್ಷದ ಮಗನ ಜೊತೆ ಮೇಣದಬತ್ತಿ ಮಾಡಬೇಕೆಂದಿದ್ದೇನೆ. ಮುರಿದ ಕ್ರೆಯಾನ್ ಹಾಕಿದರೆ ಬಣ್ಣ ಬರುತ್ತದಂತೆ. ಸರಿಯೇ?

ಉತ್ತರ: ಏಳು ವರ್ಷದ ಮಗುವಿನ ಜೊತೆ ಕಾಯಿಸಿದ ಮೇಣ ಬೇಡ ಎಂದೇ ಹೇಳುತ್ತೇನೆ. ಜೇನುಮೇಣದ ಹಾಳೆಗಳು ಸಿಗುತ್ತವೆ. ಅಂಚಿನಲ್ಲಿ ಬತ್ತಿಯಿಟ್ಟು ಚಾಪೆಯಂತೆ ಬಿಗಿಯಾಗಿ ಸುತ್ತಿದರೆ ಮೇಣದಬತ್ತಿ ಸಿದ್ಧ. ಬೆಂಕಿಯ ಹತ್ತಿರವೇ ಹೋಗದೆ ಮಗು ತಾನೇ ಮಾಡಬಹುದು.

ದೊಡ್ಡವರು ಮೇಣ ಕರಗಿಸುವಾಗ ಪಾತ್ರೆಯನ್ನು ನೇರವಾಗಿ ಒಲೆಯ ಮೇಲೆ ಇಡಬಾರದು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಅದರಲ್ಲಿ ಕರಗಿಸಿ, ಅಲ್ಲಿಂದ ಕದಲಬೇಡಿ. ಹೊಗೆ ಕಂಡರೆ ಒಲೆ ಆರಿಸಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಉರಿಯುವ ಮೇಣ ಸಿಡಿದು ಸುತ್ತ ಹರಡುತ್ತದೆ. ಮುಚ್ಚಳ ಮುಚ್ಚಿ. ಆ ಮುಚ್ಚಳ ಮೊದಲಿನಿಂದಲೇ ಕೈಗೆ ಸಿಗುವಂತಿರಲಿ. ಉಳಿದ ಮೇಣವನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಗಟ್ಟಿಯಾಗುತ್ತದೆ. ಕ್ರೆಯಾನ್ ಬೇಡ, ಅದರ ಬಣ್ಣದ ಕಣಗಳು ಬತ್ತಿಯಲ್ಲಿ ಕಟ್ಟಿಕೊಂಡು ಮೇಣ ಮೇಲೇರಲು ಬಿಡುವುದಿಲ್ಲ. ಮೇಣದಬತ್ತಿಗೆಂದೇ ಇರುವ ಬಣ್ಣ ತೆಗೆದುಕೊಳ್ಳಿ.

ಪ್ರಶ್ನೆ: ಒಣಹೂಗಳನ್ನು ಗ್ಲೂ ಗನ್‌ನಿಂದ ಅಂಟಿಸಿ ಬಾಗಿಲಿಗೆ ಹಾಕಿದ್ದೆ. ಬೇಸಿಗೆಯಲ್ಲಿ ಒಂದೊಂದಾಗಿ ಉದುರಿದವು.

ಉತ್ತರ: ಆ ಅಂಟು ಬಿಸಿಗೆ ಕರಗಿ, ತಣಿದಾಗ ಗಟ್ಟಿಯಾಗುವಂಥದ್ದು. ಬಿಸಿಲು ಸುಡುವ ಬಾಗಿಲಿನಲ್ಲಿ ಮತ್ತೆ ಮೆತ್ತಗಾಗುತ್ತದೆ. ಹೊರಗೆ ಹಾಕುವುದನ್ನು ತೆಳು ತಂತಿ ಅಥವಾ ದಾರದಿಂದ ಕಟ್ಟಿ.

ಪ್ರಶ್ನೆ: ಖಾಲಿ ಗಾಜಿನ ಬಾಟಲಿಗೆ ಬಣ್ಣ ಹಚ್ಚಿದರೆ ಉಗುರು ತಾಗಿದರೂ ಸಿಪ್ಪೆಯಂತೆ ಎದ್ದುಬರುತ್ತದೆ. ಲೇಬಲ್ಲಿನ ಅಂಟೂ ಪೂರ್ತಿ ಹೋಗುವುದಿಲ್ಲ.

ಉತ್ತರ: ಬಾಟಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಲೇಬಲ್ ಎಬ್ಬಿಸಿ. ಉಳಿದ ಅಂಟಿಗೆ ಅಡುಗೆ ಎಣ್ಣೆ ಮತ್ತು ಅಡುಗೆ ಸೋಡಾ ಸಮನಾಗಿ ಕಲಸಿ ಬಳಿದು, ಅರ್ಧ ತಾಸು ಬಿಟ್ಟು ಉಜ್ಜಿ. ಎಣ್ಣೆ ಅಂಟನ್ನು ಸಡಿಲಿಸುತ್ತದೆ, ಸೋಡಾ ಉಜ್ಜಲು ನೆರವಾಗುತ್ತದೆ. ಆಮೇಲೆ ಸೋಪು ಹಾಕಿ ಎಣ್ಣೆಯ ಜಿಡ್ಡೆಲ್ಲ ತೊಳೆದು, ಒರೆಸಿ, ಕೊನೆಗೆ ಗಾಯ ಒರೆಸುವ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಒಮ್ಮೆ ಒರೆಸಿ. ಅಲ್ಲಿಂದ ಮುಂದೆ ಬಾಟಲಿಯ ಮೈ ಮುಟ್ಟಬೇಡಿ. ಒಳಗೆ ಕೈ ತೂರಿಸಿ ಅಥವಾ ಕತ್ತು ಹಿಡಿದು ಕೆಲಸ ಮಾಡಿ. ಬೆರಳಿನ ಜಿಡ್ಡು ಕಣ್ಣಿಗೆ ಕಾಣದಿದ್ದರೂ ಬಣ್ಣ ಅಲ್ಲಿಂದಲೇ ಏಳಲು ಶುರುವಾಗುತ್ತದೆ.

ಕಾಗದದಂತೆ ಗಾಜು ಬಣ್ಣವನ್ನು ಹೀರುವುದಿಲ್ಲ, ಬಣ್ಣ ಮೇಲ್ಮೈಗೆ ಅಂಟಿಕೊಂಡು ನಿಲ್ಲಬೇಕು. ಹಾಗಾಗಿ ಗಾಜಿಗೆಂದೇ ತಯಾರಾದ ಬಣ್ಣ ತೆಗೆದುಕೊಂಡು ಒಂದು ದಪ್ಪ ಕೋಟ್‌ನ ಬದಲು ಎರಡು ಮೂರು ತೆಳು ಕೋಟ್ ಹಾಕಿ, ಪ್ರತಿಯೊಂದೂ ಒಣಗಿದ ಮೇಲೆ ಮುಂದಿನದು. ಮುಟ್ಟಿದರೆ ಕೈಗೆ ಹತ್ತದಿದ್ದರೂ ಬಣ್ಣ ಪಕ್ವವಾಗಲು ಇನ್ನೂ ದಿನಗಳು ಬೇಕು, ಎಷ್ಟೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅಲ್ಲಿಯವರೆಗೆ ತೊಳೆಯಬೇಡಿ. ಓವನ್‌ನಲ್ಲಿಡಲು ಡಬ್ಬಿಯ ಮೇಲೆ ಹೇಳಿದ್ದರೆ ತಣ್ಣಗಿರುವ ಓವನ್‌ನಲ್ಲೇ ಬಾಟಲಿಯಿಟ್ಟು ಆಮೇಲೆ ಬಿಸಿ ಮಾಡಿ, ತೆಗೆಯುವಾಗಲೂ ಒಳಗೇ ಪೂರ್ತಿ ಆರಲು ಬಿಡಿ. ಬಿಸಿಯ ಓವನ್‌ಗೆ ತಣ್ಣನೆಯ ಗಾಜು ಇಟ್ಟರೆ ಒಡೆಯುತ್ತದೆ. ಕುಡಿಯುವ ಲೋಟವಾದರೆ ತುಟಿ ತಾಗುವ ಅಂಚಿನಿಂದ ಕೆಳಗೆ ಎರಡು ಸೆಂಟಿಮೀಟರ್ ಬಣ್ಣವಿಲ್ಲದೆ ಬಿಡಿ, ಒಳಮೈಗಂತೂ ಹಚ್ಚಲೇಬೇಡಿ.